ಬಾಣಲೆಗೆ ಮುಚ್ಚಿದ ಗಂಗಾಳ

ತೆಂಗಿನ ಚಿಪ್ಪು ಉರಿಯುವ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಮೊದಲು ಒಂದು ಗಂಗಾಳವನ್ನು ಹುಡುಕುತ್ತದೆ.

ಅಪ್ಪನ ತಾಯಿ, ನಮ್ಮಜ್ಜಿ, ಹಂದಿ ಮಾಂಸ ಮುಟ್ಟುತ್ತಿರಲಿಲ್ಲ. ಹೊಸ್ತಿಲೊಳಕ್ಕೆ ಬಿಡುತ್ತಲೂ ಇರಲಿಲ್ಲ. ಅದಕ್ಕೆಂದೇ ಇದ್ದ ಬಾಣಲೆ ತೋಟದ ಪಂಪ್‌ಸೆಟ್ ಮನೆಯಲ್ಲಿರುತ್ತಿತ್ತು. ಆ ಮಧ್ಯಾಹ್ನ ಅವ್ವ ಹಿತ್ತಲ ಚಪ್ಪರದಡಿ ಮೂರು ಕಲ್ಲು ಹೂಡಿ, ತುಂಡುಗಳನ್ನು ಅವುಗಳದೇ ಕೊಬ್ಬಿನಲ್ಲಿ ಗರಿಗರಿಯಾಗಿ ಹುರಿಯುತ್ತಿದ್ದಳು. ಅಜ್ಜಿ ಅತ್ತ ಬೆನ್ನು ಹಾಕಿ ಕೂತು, ತನ್ನ ಅಗಲವಾದ ಕಂಚಿನ ಗಂಗಾಳದಲ್ಲಿ ಮುದ್ದೆ ಮುರಿಯುತ್ತಿದ್ದಳು.

"ಚಿಪ್ಪು ಜಾಸ್ತಿ ಆಯ್ತು ಕಣೇ, ಉರಿ ತಗ್ಸು," ಎಂದಳು ತಿರುಗದೆಯೇ.

ಅವ್ವ ಚಿಪ್ಪು ಎಳೆಯುವಷ್ಟರಲ್ಲಿ ಬಾಣಲೆಯೇ ಹೊತ್ತಿಕೊಂಡಿತು. ಉರಿ ಚಪ್ಪರದ ಒಣಗರಿಗಳತ್ತ ಎದ್ದಿತು. ಅವ್ವ ನೀರಿನ ಕೊಡಕ್ಕೆ ಕೈ ಹಾಕಿದಳು.

"ನೀರು ಬ್ಯಾಡ, ಬುಡು," ಎನ್ನುತ್ತ ಅಜ್ಜಿ ಮುದ್ದೆಯನ್ನು ನೆಲಕ್ಕೆ ಸುರಿದು ಓಡಿಬಂದು, ತನ್ನ ಗಂಗಾಳವನ್ನೇ ಬಾಣಲೆಯ ಮೇಲೆ ಕವುಚಿದಳು.

ಉರಿ ಆರಿತು. ಅವ್ವ ಅಜ್ಜಿಯ ಸುಟ್ಟ ಬೆರಳುಗಳನ್ನು ಹಿಡಿಯಲು ಹೋದವಳು ತನ್ನ ಕೈಯ ಜಿಡ್ಡು ನೋಡಿ ತಡೆದುಕೊಂಡಳು.

ಅಜ್ಜಿಯೇ ಕೈ ಚಾಚಿದಳು.

"ಹಿಡ್ಕಳೇ, ಉರೀತೈತೆ."