ಎರಡು ಗಂಟೆಯ ಗದ್ದಲ

ಇವತ್ತೂ ಚಿತ್ರಾ ಸುಳ್ಳು ಹೇಳಬೇಕಿತ್ತು.

ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಪಕ್ಕದ ಮನೆಯಲ್ಲಿ ಹಾಡು ಶುರುವಾಯಿತು. ಮೊದಲು ಗಿಟಾರು, ಹಿಂದೆಯೇ ಬಾಟಲಿಗೆ ಚಮಚ ಬಡಿದಂಥ ತಾಳ, ಆಮೇಲೆ ಟ್ರಂಪೆಟ್. ನಡುಗೋಡೆ ತೆಳು. ಮೇಜಿನ ಮೇಲಿನ ಔಷಧಿ ಬಾಟಲಿಗಳು ಸಣ್ಣಗೆ ನಡುಗಿದವು.

ಹಾಸಿಗೆಯಲ್ಲಿದ್ದ ಅತ್ತೆ ಕಾಶೀಬಾಯಿ ಮುಖ ಗಂಟಿಕ್ಕಿದರು. ಕಪಾಟಿನ ಮೇಲಿದ್ದ ಕ್ಯಾಮೆರಾದ ಕಡೆ ತಿರುಗಿ ಜೋರಾಗಿ ಹೇಳಿದರು.

"ಮತ್ತ ಹಚ್ಚಿದಾ ನೋಡವಾ. ಹೋಗಿ ಹೇಳಿ ಬಾ. ಬಾಗಲದಾಗ ನಿಂತು ಹೇಳಿ ಓಡಿ ಬರಬ್ಯಾಡ. ಒಳಗ ಕುಂತು, ತಿಳಿಸಿ ಹೇಳು."

ಡಬ್ಬಿ ಆಗಲೇ ಸಿದ್ಧವಿತ್ತು. ದೂರು ಹೇಳಲು ಹೋದರೂ ಬರಿಗೈಯಲ್ಲಿ ಹೋಗಬಾರದು ಎಂಬುದು ಅತ್ತೆಯ ನಿಯಮ. ಚಕ್ಕಲಿ ಕರಿಯುವುದು ಚಿತ್ರಾಳ ಕೆಲಸ. ಎಣ್ಣೆ ಹೀರಲೆಂದು ತಳಕ್ಕೆ ಕಾಗದ ಹಾಸಿ ತುಂಬುವುದು ಅತ್ತೆಯದು. ಅದನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಹೋದ ಡಬ್ಬಿ ಖಾಲಿಯಾಗಿ ಮರಳುತ್ತಲೂ ಇರಲಿಲ್ಲ. ಪಕ್ಕದ ಮನೆಯ ಮಿಸ್ಟರ್ ನ್ವೋಸು ಅದರಲ್ಲಿ ಹುರಿದ ಶೇಂಗಾ ತುಂಬಿ ಕೊಡುತ್ತಿದ್ದರು. ಈ ಪದ್ಧತಿ ಅವರಿಗೆ ಯಾರು ಹೇಳಿಕೊಟ್ಟರೋ.

ಮಾರ್ಚ್‌ನಲ್ಲಿ ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಚಿತ್ರಾ ಈ ಇಂಗ್ಲಿಷ್ ಊರಿನ ಡಿಡ್ಸ್‌ಬರಿ ಬಡಾವಣೆಯ ಲೈಬ್ರರಿಯಲ್ಲಿದ್ದಳು. ಕೂಗು ಕೇಳಿ ಹಿತ್ತಲ ಬಾಗಿಲಿನಿಂದ ಬಂದು, ಆಂಬ್ಯುಲೆನ್ಸ್ ಬರುವ ತನಕ ಅತ್ತೆಯ ಕೈ ಹಿಡಿದು ಕೂತವರು ಈ ನ್ವೋಸು. ನೈಜೀರಿಯಾ ಮೂಲದವರು, ಬಸ್ ಓಡಿಸಿ ನಿವೃತ್ತರಾದವರು, ಒಂಟಿ ಮನುಷ್ಯ. ಆಸ್ಪತ್ರೆಗೂ ಒಮ್ಮೆ ಹೋಗಿ ಬಂದಿದ್ದರಂತೆ. ಚಿತ್ರಾಳ ಗಂಡ ಅಚಿಂತ್ಯ, ಡಾಕ್ಟರು, ಅವಳನ್ನು ಬೈಯಲಿಲ್ಲ. ಅಮ್ಮ ಮನೆಗೆ ಮರಳಿದ ದಿನ ಕ್ಯಾಮೆರಾ ತಂದು ಜೋಡಿಸಿದ. ಇನ್ನು ಅಮ್ಮನನ್ನು ಒಬ್ಬಳನ್ನೇ ಬಿಡುವುದು ಬೇಡ ಎಂದ. ತಪ್ಪಿತಸ್ಥಳಂತೆ ಚಿತ್ರಾ ಹೂಂ ಎಂದಳು. ಮರುವಾರವೇ ಆಚೆಯಿಂದ ಹಾಡು ಶುರುವಾಯಿತು.

ಈಗ ಅಕ್ಟೋಬರ್. ದಿನಸಿ ವ್ಯಾನಿನಲ್ಲಿ ಮನೆಗೇ ಬರುತ್ತದೆ. ಟ್ರಾಮಿನ ಸದ್ದು ಕೇಳುತ್ತದೆ, ಟ್ರಾಮು ಕಾಣುವುದಿಲ್ಲ. ಕಿಟಕಿಯಾಚೆಯ ಮರ ಚಿಗುರಿ, ಕೆಂಪಾಗಿ, ಉದುರಿದ್ದನ್ನೂ ಅವಳು ಒಳಗಿನಿಂದಲೇ ನೋಡಿದಳು. ಹೊರಗೆ ಕಾಲಿಡಲು ಸಿಗುವುದು ಮಧ್ಯಾಹ್ನ ಎರಡರ ಈ ಹೊತ್ತೊಂದೇ. ಅದೂ ದೂರು ಹೇಳಲು, ಅದೂ ಪಕ್ಕದ ಮನೆ ಎಂದು ಅಚಿಂತ್ಯ ಒಪ್ಪಿದ್ದರಿಂದ. ಆಗ ಅವನು ವಾರ್ಡಿನಿಂದಲೇ, ಕ್ಯಾಮೆರಾ ತೋರಿಸಿದ್ದನ್ನು ಫೋನಿನಲ್ಲಿ ನೋಡುತ್ತಾ, ಅಮ್ಮನ ಮೇಲೆ ಕಣ್ಣಿಟ್ಟಿರುತ್ತಾನೆ.

ಆ ಹಾಡು ನಿಲ್ಲಲೇಬೇಕೆಂಬುದಕ್ಕೆ ಅವನಿಗೆ ಕಾರಣವಿತ್ತು. ಅವನು ಹುಟ್ಟುವ ಮೊದಲು ಅಪ್ಪ ನೈಜೀರಿಯಾದ ಓವೆರಿಯಲ್ಲಿ ಒಂಬತ್ತು ವರ್ಷ ಗಣಿತದ ಮಾಸ್ತರರಾಗಿದ್ದರು. ಅಪ್ಪ ಶಾಲೆಗೆ ಹೋದರೆ, ಹೊಸದಾಗಿ ಮದುವೆಯಾಗಿ ಬಂದ ಅಮ್ಮ ಚಿಲಕ ಹಾಕಿಕೊಂಡು ಅಳುತ್ತಿದ್ದಳಂತೆ. ಬೀದಿಯ ತುಂಬ ಆಗ ಇವೇ ಹಾಡುಗಳು, ಅಲ್ಲಿನ ಇಗ್ಬೋ ಜನರ ಕುಣಿತದ ಹೈಲೈಫ್. ಅಮ್ಮ ಆ ಊರಿನ ಮಾತೆತ್ತಿದ್ದನ್ನು ಅವನು ಕೇಳಿಲ್ಲ. ಹಳೆಯ ನೋವು ಕೆದಕುತ್ತಿದೆ ಎಂದುಕೊಂಡಿದ್ದ.

ಚಿತ್ರಾ ಮಾತ್ರ ಒಂದು ದಿನವೂ ದೂರು ಹೇಳಿರಲಿಲ್ಲ.

ನ್ವೋಸು ಅವರ ಮುಂಗೋಣೆಯಲ್ಲಿ ಚಹಾ ಕುಡಿಯುತ್ತಾ ಕೂರುತ್ತಿದ್ದಳು. ಅವರು ರೆಕಾರ್ಡು ತಿರುವಿ ಹಾಕುತ್ತಿದ್ದರು. ಈ ಹಾಡಿಗೆ ತಮ್ಮ ತಾಯಿ ಅಂಗಳ ಗುಡಿಸುತ್ತಿದ್ದಳು, ಟ್ರಂಪೆಟ್ ಬಂದಾಗ ಕಸಬರಿಗೆಯೂ ಕುಣಿಯುತ್ತಿತ್ತು ಎನ್ನುತ್ತಿದ್ದರು. ಇನ್ನೊಂದು ಹಾಡು ತಂಗಿಯ ಮದುವೆಯದು. ಎಂದೂ ನಗದ ತಂದೆ ಅಂದು ಎಲ್ಲರೆದುರು ಸೊಂಟ ಬಳುಕಿಸಿದ್ದನಂತೆ. ಕೇಳುತ್ತಾ ಚಿತ್ರಾಳಿಗೆ ತನ್ನ ಅಪ್ಪ ಸ್ಕೂಟರ್ ಒರೆಸುತ್ತಾ ಸಿಳ್ಳೆ ಹಾಕುತ್ತಿದ್ದುದು ನೆನಪಾಗುತ್ತಿತ್ತು. ಹೇಳುತ್ತಿದ್ದಳು. ನಗುತ್ತಿದ್ದಳು.

ಮರಳಿ ಬಂದು, "ಹೇಳೀನಿ ಅತ್ತಿ. ಅವರು ಕೇಳವಲ್ರು" ಎನ್ನುತ್ತಿದ್ದಳು. ಅತ್ತೆ ಅವಳ ಮುಖವನ್ನೇ ದಿಟ್ಟಿಸಿ, ಡಬ್ಬಿಯನ್ನು ತಮ್ಮ ಕೈಗೇ ತೆಗೆದುಕೊಳ್ಳುತ್ತಿದ್ದರು. ಹಾಡು ಮುಗಿಯುವ ತನಕ ಹೊದಿಕೆಯಡಿ ಅವರ ಪಾದ ಅಲುಗುತ್ತಿತ್ತು. ಸಿಟ್ಟಿಗಿರಬೇಕು.

ಇಂದು ಬೆಳಿಗ್ಗೆ ಅಚಿಂತ್ಯ ಷೂ ಕಟ್ಟುತ್ತಾ ಹೇಳಿದ್ದ. "ನಿನ್ನ ಕೈಲೆ ಆಗೂದಿಲ್ಲ ಬಿಡು. ಕೌನ್ಸಿಲ್‌ಗೆ ಬರದೀನಿ. ಸೋಮವಾರ ಸದ್ದು ಅಳೀಲಿಕ್ಕೆ ಬರ್ತಾರ."

"ಚಲೋ ಆತು," ಎಂದಿದ್ದರು ಅತ್ತೆ.

ಈಗ ಪಕ್ಕದ ಮನೆಯ ಮುಂಗೋಣೆಯಲ್ಲಿ ಕೂತು ಇದನ್ನೆಲ್ಲ ಚಿತ್ರಾ ಒಂದೇ ಉಸಿರಿಗೆ ನ್ವೋಸು ಅವರಿಗೆ ಹೇಳಿದಳು. ತಾನು ಇಷ್ಟು ದಿನ ಸುಳ್ಳು ಹೇಳಿದ್ದನ್ನೂ ಹೇಳಿದಳು. ಅವರು ಬೆಚ್ಚಲಿಲ್ಲ. ಚಕ್ಕಲಿಗಳನ್ನು ತಟ್ಟೆಗೆ ಸುರಿದು ಡಬ್ಬಿಯ ತಳವನ್ನು ಸ್ವಲ್ಪ ಹೊತ್ತು ನೋಡಿದರು. ಅಡುಗೆಮನೆಗೆ ಹೋಗಿ ಶೇಂಗಾ ತುಂಬಿಕೊಂಡು ಬಂದರು.

"ಹಾಡು ಹೋದರೆ ಹೋಗಲಿ ಮಗಳೇ," ಎಂದರು. "ನೀನು ಕೂತು ನಗುವ ಜಾಗ ಉಳಿದರೆ ಸಾಕು."

ಅವಳು ಡಬ್ಬಿ ಎತ್ತಿಕೊಂಡು ಹೊರಟಳು. ಗೇಟಿನ ಹತ್ತಿರ ಕಣ್ಣು ಮಂಜಾಗಿ ಕಾಲು ತಡವರಿಸಿತು. ಡಬ್ಬಿ ಬಿತ್ತು, ಮುಚ್ಚಳ ಹಾರಿತು, ಶೇಂಗಾ ಒದ್ದೆ ಎಲೆಗಳ ಮೇಲೆ ಚೆಲ್ಲಿತು. ಮೊಣಕಾಲೂರಿ ಬಳಿಯುವಾಗ ತಳದ ಜಿಡ್ಡು ಕಾಗದವೂ ಕೈಗೆ ಬಂತು. ಅದರ ತುಂಬ ಅಕ್ಷರಗಳಿದ್ದವು. ಮೂಲೆಯಲ್ಲಿ ನ್ವೋಸು ಅವರದು, ಒಂದೇ ಮಾತು: ಆಗಲಿ, ಅಕ್ಕ. ಉಳಿದದ್ದೆಲ್ಲ ಅತ್ತೆಯ ನಡುಗುವ ಇಂಗ್ಲಿಷ್.

"ತಮ್ಮಾ, ಸೋಮವಾರದಿಂದ ಸದ್ದು ತಗ್ಗಿಸು. ನನಗೆ ಕೇಳಿಸದಿದ್ದರೂ ನಡೆಯುತ್ತದೆ, ಎಲ್ಲ ಬಾಯಿಪಾಠ. ಓವೆರಿಯಲ್ಲಿ ನಿಮ್ಮವರು ಇವೇ ಹಾಡು ಹಚ್ಚಿ ನನ್ನ ಚಿಲಕ ತೆಗೆಸಿದ್ದು. ಮುದುಕಿಯ ಕಿವಿಯನ್ನು ಯಾವ ಯಂತ್ರ ಅಳೆಯುತ್ತದೆ? ಎರಡು ಗಂಟೆಗೆ ನಾನು ಗದ್ದಲ ಗದ್ದಲ ಅಂತ ಕೂಗುತ್ತೇನೆ, ನೀನು ಎಂದಿನಂತೆ ಹುಡುಗಿಗೆ ಚಹಾ ಇಡು."