ಎರಡನೆಯ ಒಲೆ

ದಾತಿವಾ ಸೋರೆಬುರುಡೆಯಲ್ಲಿದ್ದ ನೀರನ್ನೆಲ್ಲ ಅತ್ತೆಯ ಒಲೆಗೆ ಸುರಿದಳು. ಮೂರು ಕಲ್ಲುಗಳ ನಡುವಿನಿಂದ ಬೂದಿ ಬುಸ್ಸೆಂದು ಎದ್ದು ಇಬ್ಬರ ಕಾಲ ಮೇಲೂ ಬಿತ್ತು.

“ಮೂರು ದಿನದಿಂದ ಆರಿಸ್ತಾ ಇದ್ದೀನಿ. ನಾಳೆ ಹಚ್ಚಿದ್ರೆ ನಾಳೇನೂ ಆರಿಸ್ತೀನಿ,” ಎಂದಳು. “ಒಂದು ಮನೆಗೆ ಒಂದೇ ಒಲೆ.”

“ಅದಕ್ಕೇ ಹಚ್ತಾ ಇರೋದು,” ಎಂದಳು ಅತ್ತೆ ಆಸ್ತೇರಿಯಾ. ಹಿತ್ತಲಿನ ಹುಲ್ಲು ಹೊದಿಸಿದ ಕೊಟ್ಟಿಗೆಗೆ ತನ್ನ ಚಾಪೆ, ಗಡಿಗೆ ಸಾಗಿಸಿ ಆಕೆಗೆ ಮೂರು ದಿನವಾಗಿತ್ತು. “ಎರಡು ಒಲೆ ಇದ್ರೆ ಎರಡು ಮನೆ. ನಿನ್ನ ಮನೇಲಿ ಆಗ ಐದೇ ತಲೆ.”

ಲೆಕ್ಕ ಇಬ್ಬರಿಗೂ ಬಾಯಿಪಾಠವಾಗಿತ್ತು. ಹೋದ ವರ್ಷದವರೆಗೆ ಆರೋಗ್ಯ ವಿಮೆಯ ಕಂತು ಎಲ್ಲರಿಗೂ ತಲೆಗೆ ಒಂದು ಸಾವಿರ ಫ್ರಾಂಕ್. ಈ ವರ್ಷ ರಾಜಧಾನಿ ಕಿಗಾಲಿಯಿಂದ ಹೊಸ ನಿಯಮ ಬಂದಿತ್ತು. ಯಾವ ಮನೆ ಯಾವ ದರ್ಜೆಯದೆಂದು ಊರವರೇ ಸಭೆ ಸೇರಿ ಹೇಳಬೇಕು, ದರ್ಜೆಗೆ ತಕ್ಕ ಕಂತು. ಯಾರೂ ಇಲ್ಲದವರದನ್ನು ಸರ್ಕಾರವೇ ಕಟ್ಟುತ್ತದೆ. ಮಾಡಿಗೆ ತಗಡು ಇದೆಯೆಂದು ದಾತಿವಾಳ ಮನೆಗೆ ತಲೆಗೆ ಮೂರು ಸಾವಿರ ಬಿದ್ದಿತ್ತು. ಅತ್ತೆ, ಸೊಸೆ, ನಾಲ್ಕು ಮಕ್ಕಳು. ಮೇಕೆಯನ್ನೂ ಮಾರಿ ಅವಳು ಕೂಡಿಸಿದ್ದು ಐದು ತಲೆಗಾಗುವಷ್ಟು. ಒಂದು ತಲೆಯದು ಬಾಕಿಯಿದ್ದರೂ ಮನೆಯ ಯಾರಿಗೂ ವಿಮೆಯ ಚೀಟಿ ಸಿಗದು. ಗಡಿಯಾಚೆ ಕೆಲಸಕ್ಕೆ ಹೋದ ಗಂಡನಿಂದ ಆರು ತಿಂಗಳಿಂದ ಸುದ್ದಿಯಿಲ್ಲ. ಬಸುರಿಯಾದ ಅವಳಿಗೋ ಎಂಟು ತಿಂಗಳು ತುಂಬಿತ್ತು; ಹಿಂದಿನ ಮಗುವನ್ನು ಹೊಟ್ಟೆ ಕೊಯ್ದೇ ತೆಗೆದಿದ್ದರು.

“ಊರ ಮುಂದೆ ನಿಂತು ನನಗೆ ಯಾರೂ ಇಲ್ಲ ಅಂತೀಯಾ ಅತ್ತೆ? ನಾನೇನು ಸತ್ತಿದ್ದೀನಾ?”

“ಸಾಯಬಾರದು ಅಂತಾನೇ ಹೇಳ್ತಿರೋದು ಕಣೇ.”

ಅಂದೇ, ತಿಂಗಳ ಕೊನೆಯ ಶನಿವಾರದ ಊರಕೆಲಸ ಮುಗಿಸಿ ಜನ ಗುದ್ದಲಿಗಳ ಸಮೇತ ಬೆಣ್ಣೆಹಣ್ಣಿನ ಮರದ ಕೆಳಗೆ ಕುಳಿತಿದ್ದರು. ಊರ ಮುಖ್ಯಸ್ಥ ಅನಸ್ತಾಸ್ ಪಟ್ಟಿ ಓದುತ್ತಿದ್ದ. “ದಾತಿವಾ, ಆರು ತಲೆ,” ಎಂದಾಗ ಆಸ್ತೇರಿಯಾ ಕೋಲೂರಿ ಎದ್ದಳು.

“ಐದು ಬರಿಯಪ್ಪಾ. ನಾನು ಬೇರೆ. ನನಗೆ ಯಾರೂ ಇಲ್ಲ.”

ಜನ ಘೊಳ್ಳೆಂದು ನಕ್ಕರು. ಕೆಳಮನೆಯ ಕರೋಲಿ, “ಅಜ್ಜೀ, ನಿನ್ನೆ ತಾನೇ ಮೊಮ್ಮಗನಿಗೆ ಬಾರಿಸ್ತಾ ಇದ್ದೆ. ಅವನೂ ಯಾರೂ ಅಲ್ವಾ?” ಎಂದ.

“ಊರ ಮಕ್ಕಳಿಗೆಲ್ಲ ಬಾರಿಸಿದೀನಿ. ನಿನಗೆ ಬಾರಿಸಿದ್ದು ಸಾಲದಾಯ್ತು, ನೋಡು.”

ನಗು ನಿಲ್ಲುವ ಮೊದಲೇ ದಾತಿವಾ ಎದ್ದು ನಿಂತಳು. “ಆರೇ ಬರೀರಿ. ಉಳಿದದ್ದನ್ನ ಹೇಗಾದ್ರೂ ತರ್ತೀನಿ.”

“ಎಲ್ಲಿಂದ ತರ್ತೀಯಮ್ಮ?” ಎಂದು ಅನಸ್ತಾಸ್ ಕೇಳಿದ. ಅವಳು ಕೂರಲಿಲ್ಲ.

“ಹಿತ್ತಲಲ್ಲಿ ನನ್ನದೇ ಒಲೆ ಇದೆ,” ಎಂದಳು ಆಸ್ತೇರಿಯಾ.

“ಈಗ ಉರೀತಿದೆಯಾ?”

ಮುದುಕಿ ಸೊಸೆಯ ಕಡೆ ಒಮ್ಮೆ ನೋಡಿದಳು. “ಉರೀತಿದೆ.”

“ಹಾಗಾದ್ರೆ ನೋಡೇಬಿಡೋಣ. ಒಲೆ ಇದ್ರೆ ಒಂದು ಮನೆ ಅಂತ ಬರೀತೀನಿ. ಸುಳ್ಳಾದ್ರೆ, ಸರ್ಕಾರಕ್ಕೆ ಮೋಸ ಮಾಡೋಕೆ ಬಂದವಳು ಅಂತ ಇದೇ ಸಭೇಲಿ ನಿನ್ನ ಹೆಸರು ಓದ್ತೀನಿ. ವಯಸ್ಸು ನೋಡಲ್ಲ.” ಅವನು ಪುಸ್ತಕ ಮಡಚಿ ಎದ್ದ. ಕರೋಲಿಯೂ ಇನ್ನಿಬ್ಬರು ಹಿರಿಯರೂ ಜೊತೆಗೆ ಹೊರಟರು.

ಎಲ್ಲರೂ ಗುಡ್ಡದ ದಾರಿ ಹಿಡಿದರು. ತಣ್ಣಗಾದ ಒಲೆಯನ್ನು ಎಲ್ಲರೂ ನೋಡಲಿ, ಅಲ್ಲಿಗೆ ಈ ಹಟ ಮುಗಿಯಲಿ ಎಂದುಕೊಂಡೇ ದಾತಿವಾ ಎಲ್ಲರ ಹಿಂದೆ ನಡೆದಳು. ಮುಂದೆ ಹೋಗುತ್ತಿದ್ದ ಅತ್ತೆಯ ಬೆನ್ನು ನೆಟ್ಟಗಿತ್ತು. ನೀರು ಸುರಿದವಳು ಇವಳೇ ಎಂದು ಹೇಳಲು ಆಕೆಗೆ ಒಂದು ಮಾತು ಸಾಕಿತ್ತು. ಆಕೆ ಹೇಳಲಿಲ್ಲ. ಬಾಳೆತೋಟದ ತಿರುವು ಬಂದಾಗ ದಾತಿವಾ ಹೊಟ್ಟೆಯ ಕೆಳಗೆ ಕೈಯಿಟ್ಟುಕೊಂಡು ಮನೆಗೆ ಹತ್ತಿರದ ಒಳದಾರಿಗೆ ಇಳಿದುಬಿಟ್ಟಳು.

ಬಾಳೆ ಎಲೆಗಳು ಅಲುಗಿದ್ದನ್ನು ಆಸ್ತೇರಿಯಾ ನೋಡಿದಳು. ಅಲ್ಲೇ ಕಲ್ಲಿನ ಮೇಲೆ ಕುಳಿತು ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. “ಮುಳ್ಳು ಚುಚ್ಚಿತು. ನಿಲ್ಲಿ, ತೆಗೀತೀನಿ.” ಇಲ್ಲದ ಮುಳ್ಳನ್ನು ಆಕೆ ಬಹಳ ಹೊತ್ತು ತೆಗೆದಳು.

ಅವರು ಹಿತ್ತಲಿಗೆ ಬಂದಾಗ ಕೊಟ್ಟಿಗೆಯ ಹುಲ್ಲಿನಿಂದ ಹೊಗೆ ಏಳುತ್ತಿತ್ತು. ದಾತಿವಾ ಮಂಡಿಯೂರಿ, ಬೆಳಗ್ಗೆ ತಾನೇ ನೆನೆಸಿದ ಕಟ್ಟಿಗೆಯನ್ನು ಊದುತ್ತಿದ್ದಳು. ಪಕ್ಕದಲ್ಲಿ ಮನೆಯೊಳಗಿನ ಒಲೆಯಿಂದ ಕೆಂಡ ತಂದ ಮಡಕೆಚೂರು. ಮುಖವೆಲ್ಲ ಮಸಿ, ಉಸಿರು ಮೇಲಕ್ಕೂ ಕೆಳಕ್ಕೂ ಹೋಗುತ್ತಿತ್ತು.

“ಈ ಒಲೆ ಯಾರದು?” ಎಂದು ಅನಸ್ತಾಸ್ ಕೇಳಿದ.

ದಾತಿವಾ ತಲೆ ಎತ್ತಲಿಲ್ಲ. “ನೆರೆಮನೆಯವಳದು. ಕೆಂಡ ಕೇಳಿದ್ಲು, ತಂದ್ಕೊಟ್ಟೆ.”

ಅನಸ್ತಾಸ್ ಬಗ್ಗಿ ಗಡಿಗೆಯ ಮುಚ್ಚಳ ಎತ್ತಿದ. ಒಳಗೆ ಬರೀ ನೀರು, ಅದೂ ಇನ್ನೂ ಬೆಚ್ಚಗಾಗಿರಲಿಲ್ಲ. ಮುಚ್ಚಳವನ್ನು ಮೆಲ್ಲಗೆ ಮತ್ತೆ ಇಟ್ಟು ಹಿಂದಿದ್ದವರಿಗೆ, “ಬೇಯ್ತಾ ಇದೆ,” ಎಂದ. ಪುಸ್ತಕ ಬಿಚ್ಚಿ ಒಂದು ಸಾಲು ಬರೆದ.

“ಸಂಬಂಧಿಕರು ಅಂತ ಕೊನೇಲಿ ಒಂದು ಜಾಗ ಇದೆ ಅಜ್ಜಿ. ಏನು ಬರೀಲಿ?”

“ಯಾರೂ ಇಲ್ಲ ಅಂತ ಬರಿ,” ಎಂದಳು ಆಸ್ತೇರಿಯಾ, ತನ್ನ ಉಡುಗೆಯ ಅಂಚನ್ನು ಎಂಜಲಲ್ಲಿ ಒದ್ದೆ ಮಾಡಿ ಸೊಸೆಯ ಕೆನ್ನೆಯ ಮಸಿಯನ್ನು ಒರೆಸುತ್ತ.