ಒಡೆಯದ ಗಾಜು

ಕಾಲೇಜು ಗ್ರಂಥಾಲಯದ ಗೋಡೆ ಬಿರುಕು ಬಿಟ್ಟಿತ್ತು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಕಾಯುವುದೇ ಡಿಗ್ರಿ ಓದುತ್ತಿದ್ದ ಹುಡುಗಿಯೊಬ್ಬಳ ಪ್ರಾಜೆಕ್ಟ್. ಗೋಡೆ ಜರುಗಿದರೆ ಗಾಜು ಒಡೆಯುತ್ತದೆ.

“ಎಲ್ಲಾ ಒಡೆದುಹೋಗಿದೆ ಸರ್,” ಎಂದಳು ಗೈಡ್ ಮೇಷ್ಟ್ರಿಗೆ.

“ನಿನ್ನ ಗಾಜೇ ಸರಿಯಿಲ್ಲಮ್ಮ. ಕಾಲೇಜು ತಪಾಸಣೆಗೆ ಬರೋ ಹೊತ್ತಲ್ಲಿ ಇದನ್ನೆಲ್ಲ ಬರೀಬೇಡ. ಒಳ್ಳೇ ಗಾಜು ನಾನೇ ತಂದು ಅಂಟಿಸ್ತೀನಿ.”

ಅವರು ಅಂಟಿಸಿದ್ದರಲ್ಲಿ ಒಂದೂ ಒಡೆಯಲಿಲ್ಲ. ಕಟ್ಟಡ ಭದ್ರವಾಗಿದೆ ಎಂದು ಅವಳು ನೆಮ್ಮದಿಯಿಂದ ವರದಿ ಬರೆದಳು. ಬಹುಮಾನವೂ ಬಂತು. ಸಮಾರಂಭ ಅದೇ ಗ್ರಂಥಾಲಯದಲ್ಲಿ.

“ಈ ಗೋಡೆ ಇನ್ನು ನೂರು ವರ್ಷ ಅಲ್ಲಾಡಲ್ಲ ಅಂತ ನಮ್ಮ ಹುಡುಗಿ ತೋರಿಸಿದಾಳೆ,” ಎಂದರು ಮೇಷ್ಟ್ರು. ಕಿಕ್ಕಿರಿದ ಸಭೆ ಚಪ್ಪಾಳೆ ತಟ್ಟಿತು. ಗೋಡೆಗೆ ಒರಗಿ ನಿಂತಿದ್ದ ಅವಳ ತಲೆಯ ಮೇಲೆ ಸುಣ್ಣ ಉದುರಿತು. ತಿರುಗಿ, ಪಟ್ಟಿಯೊಂದನ್ನು ಉಗುರಿನಿಂದ ಒತ್ತಿ ನೋಡಿದಳು.

ಪ್ಲಾಸ್ಟಿಕ್ ಪಟ್ಟಿ ಮೆತ್ತಗೆ ಬಾಗಿತು.